ಲಾಗಿನ್‌ಗೆ ಹತ್ತು ಸೆಕೆಂಡ್ ಯಾಕೆ? ಸಣ್ಣ ನೆಟ್‌ವರ್ಕ್‌ನ ರಿವರ್ಸ್ ಡಿಎನ್‌ಎಸ್ ರಿಪೇರಿ

ನಾಸ್‌ಗೆ (ಫೈಲ್‌ಗಳನ್ನು ಇಡುವ ನೆಟ್‌ವರ್ಕ್ ಮೆಷಿನ್) ಎಸ್‌ಎಸ್‌ಎಚ್ ಮಾಡಿದರೆ, ಅಂದರೆ ಬೇರೆ ಮೆಷಿನ್‌ನಿಂದ ಲಾಗಿನ್ ಆಗಲು ಹೋದರೆ, ಪಾಸ್‌ವರ್ಡ್ ಕೇಳುವುದಕ್ಕೇ ಸುಮಾರು 10 ಸೆಕೆಂಡ್ ಹಿಡಿಯುತ್ತಿತ್ತು. ಒಳಗೆ ಹೋದ ಮೇಲೆ ಎಲ್ಲ ಸರಾಗ. ಫೈಲ್ ಕಾಪಿ ಪೂರ್ತಿ ವೇಗದಲ್ಲಿ ಓಡುತ್ತದೆ, ಪಿಂಗ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಸಿಪಿಯುಗೆ ಕೆಲಸವೇ ಇಲ್ಲ. ತಡ ಆಗುವುದು ಶುರುವಿನಲ್ಲಿ ಮಾತ್ರ, ಅದೂ ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಹೊತ್ತು.

ಈ "ಅಷ್ಟೇ ಹೊತ್ತು" ಅನ್ನುವುದನ್ನು ಸುಮ್ನೆ ಬಿಡಬೇಡಿ. ಡಿಸ್ಕ್ ಕೆಟ್ಟಿದ್ದರೆ, ವೈಫೈ ಸರಿ ಇಲ್ಲದಿದ್ದರೆ ತಡ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಯಾವಾಗಲೂ 5, 10, 15 ಅಂತ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದರೆ, ಎಲ್ಲೋ ಒಂದು ಪ್ರೋಗ್ರಾಮ್ ಉತ್ತರಕ್ಕೆ ಕಾದು, ಬರದೆ ಕೈಬಿಡುತ್ತಿದೆ ಅಂತ ಅರ್ಥ. ಲಿನಕ್ಸ್‌ನ ಗ್ಲಿಬ್‌ಸಿ ರಿಸಾಲ್ವರ್ (ಹೆಸರಿಗೆ ಐಪಿ, ಐಪಿಗೆ ಹೆಸರು ಕೇಳಿ ತರುವ ಭಾಗ) ಒಂದು ನೇಮ್‌ಸರ್ವರ್‌ಗೆ (ಅದಕ್ಕೆ ಉತ್ತರ ಕೊಡುವ ಸರ್ವರ್) ಡೀಫಾಲ್ಟ್ ಆಗಿ 5 ಸೆಕೆಂಡ್ ಕಾಯುತ್ತದೆ, 2 ಸಲ ಕೇಳುತ್ತದೆ. ರಿಸಾಲ್ವ್.ಕಾನ್ಫ್‌ನಲ್ಲಿ ಒಂದೇ ನೇಮ್‌ಸರ್ವರ್ ಇದ್ದರೆ ಒಟ್ಟು 10. ಹಾಗಾಗಿ ಮೊದಲ ಅನುಮಾನವೇ ಡಿಎನ್‌ಎಸ್ ಮೇಲೆ, ಅಂದರೆ ಹೆಸರು ಮತ್ತು ಐಪಿ ಹೊಂದಿಸಿಕೊಡುವ ಈ ವ್ಯವಸ್ಥೆಯ ಮೇಲೆ.

ನೆಟ್‌ವರ್ಕ್ ಹೀಗಿದೆ. ಎಲ್ಲವೂ 192.168.20.0/24 ಒಳಗೆ, ಅಂದರೆ ಎಲ್ಲರ ಐಪಿಯೂ 192.168.20ರಿಂದ ಶುರು. ರೂಟರ್ 192.168.20.1. ಪಕ್ಕದಲ್ಲಿ ಒಂದು ಪುಟ್ಟ ಬೋರ್ಡ್ ಕಂಪ್ಯೂಟರ್, 192.168.20.2, ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಓಡುತ್ತದೆ, ಡಿಎಚ್‌ಸಿಪಿ (ಮೆಷಿನ್‌ಗಳಿಗೆ ಐಪಿ ಹಂಚುವುದು) ಮತ್ತು ಡಿಎನ್‌ಎಸ್ ಎರಡೂ ಅದರದ್ದೇ ಕೆಲಸ. ಇನ್ನು ಮುಂದೆ ಇದನ್ನು ಬಾಕ್ಸ್ ಅಂತಲೇ ಕರೆಯುತ್ತೇನೆ. ನಾಸ್ .10ರಲ್ಲಿ. ಲಾಗ್‌ಗಳನ್ನೆಲ್ಲ ಒಟ್ಟು ಹಾಕುವ ಮೆಷಿನ್ .15ರಲ್ಲಿ, ಅದರಲ್ಲಿ ಮಾತ್ರ ಅದರದೇ ಅನ್‌ಬೌಂಡ್ ಅನ್ನುವ ರಿಸಾಲ್ವರ್ ಇದೆ. ಉಳಿದದ್ದು ಲ್ಯಾಪ್‌ಟಾಪ್, ಫೋನ್, ಪ್ರಿಂಟರ್ ಇತ್ಯಾದಿ. ಒಳಗಿನ ಡೊಮೈನ್ ಹೆಸರು ಹೋಮ್.ಅರ್ಪಾ. ಇದು ಮನೆಯ ನೆಟ್‌ವರ್ಕ್‌ಗಳಿಗೆ ಅಂತಲೇ 2018ರಲ್ಲಿ ಆರ್‌ಎಫ್‌ಸಿ 8375 (ಇಂಟರ್ನೆಟ್ ನಿಯಮಗಳ ದಾಖಲೆ) ಮೂಲಕ ಮೀಸಲಾದ ಹೆಸರು. .ಲೋಕಲ್ ಇಡಬೇಡಿ, ಅದು ಎಂಡಿಎನ್‌ಎಸ್‌ಗೆ (ಸರ್ವರ್ ಇಲ್ಲದೆ ಮೆಷಿನ್‌ಗಳು ತಾವೇ ಹೆಸರು ಹುಡುಕಿಕೊಳ್ಳುವ ವಿಧಾನ) ಸೇರಿದ್ದು, ಎರಡೂ ಒಂದಕ್ಕೊಂದು ತೊಡರಿಕೊಂಡರೆ ಬಿಡಿಸುವುದು ಕಷ್ಟ.

ಹೆಸರಿನಿಂದ ಐಪಿ ಹುಡುಕುವ ಕೆಲಸದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಹಾಗಾದರೆ ಎಸ್‌ಎಸ್‌ಎಚ್ ಸರ್ವರ್ ಡಿಎನ್‌ಎಸ್ ಹತ್ತಿರ ಏನು ಕೇಳುತ್ತಿದೆ? ಒಳಗೆ ಬರುತ್ತಿರುವವರ ಹೆಸರು. ಅದರ ಕೈಯಲ್ಲಿರುವುದು ಬರೀ ಐಪಿ. "192.168.20.31 ಅಂದರೆ ಯಾರು?" ಅಂತ ತಿರುಗಿಸಿ ಕೇಳುತ್ತದೆ. ಇದೇ ರಿವರ್ಸ್ ಡಿಎನ್‌ಎಸ್. ಹೆಸರು ಸಿಕ್ಕರೆ ಆ ಹೆಸರಿಗೆ ಇದೇ ಐಪಿ ಇದೆಯಾ ಅಂತ ಇನ್ನೊಮ್ಮೆ ಮುಂದಿನಿಂದಲೂ ನೋಡುತ್ತದೆ. ಇದನ್ನು ಹಿಡಿತದಲ್ಲಿಡುವ ಸೆಟ್ಟಿಂಗ್ ಯೂಸ್‌ಡಿಎನ್‌ಎಸ್. ಓಪನ್‌ಎಸ್‌ಎಸ್‌ಎಚ್ 6.8ರಿಂದ, ಅಂದರೆ 2015ರಿಂದ, ಅದರ ಡೀಫಾಲ್ಟ್ "ನೋ". ಅದಕ್ಕೇ ಹೊಸ ಮೆಷಿನ್‌ಗಳಲ್ಲಿ ಈ ತಡ ಕಾಣುವುದಿಲ್ಲ, ಹಳೆಯ ಸಾಫ್ಟ್‌ವೇರ್ ಇರುವ ನಾಸ್‌ನಲ್ಲಿ ಕಾಣುತ್ತದೆ.

ಅನುಮಾನ ಸರಿಯೇ ಅಂತ ನೋಡಲು ನಾಸ್‌ನಲ್ಲಿ ಯೂಸ್‌ಡಿಎನ್‌ಎಸ್ ಅನ್ನು "ನೋ" ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್ ಪ್ರಾಂಪ್ಟ್ ತಕ್ಷಣ ಬಂತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಅದನ್ನು ವಾಪಸ್ "ಎಸ್" ಮಾಡಿಟ್ಟೆ. ಯಾಕೆಂದರೆ ತಪ್ಪು ಎಸ್‌ಎಸ್‌ಎಚ್‌ನದ್ದಲ್ಲ, ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರದ್ದು. ಇದೇ ಪ್ರಶ್ನೆಯನ್ನು ಕೇಳುವವರು ಇನ್ನೂ ಎಷ್ಟೋ ಇದ್ದಾರೆ. ಮೈಎಸ್‌ಕ್ಯೂಎಲ್ ಸರ್ವರ್ ಸ್ಕಿಪ್-ನೇಮ್-ರಿಸಾಲ್ವ್ ಹಾಕದಿದ್ದರೆ ಹೊಸ ಕನೆಕ್ಷನ್ ಯಾರದ್ದು ಅಂತ ಕೇಳುತ್ತದೆ. ಮೇಲ್ ಸರ್ವರ್ ಕೇಳುತ್ತದೆ. ಟ್ರೇಸ್‌ರೂಟ್, ನೆಟ್‌ಸ್ಟಾಟ್, ಐಪಿಟೇಬಲ್ಸ್ ಪಟ್ಟಿ, ಇವೆಲ್ಲ -ಎನ್ (ಹೆಸರು ಬೇಡ, ಐಪಿಯೇ ಸಾಕು) ಕೊಡದಿದ್ದರೆ ಕೇಳುತ್ತವೆ. ಒಂದರ ಬಾಯಿ ಮುಚ್ಚಿಸಿದರೆ ನಾಳೆ ಇನ್ನೊಂದು ಕಾಯುತ್ತಾ ಕೂರುತ್ತದೆ, ಆಗ ಮೊದಲಿನಿಂದ ಹುಡುಕಬೇಕು.

ಪ್ರಶ್ನೆಯನ್ನೇ ಕೈಯಾರೆ ಕೇಳಿ ನೋಡುವುದು

ಇಲ್ಲಿಂದ ಡಿಗ್ -ಎಕ್ಸ್, ಡಿಎನ್‌ಎಸ್‌ಗೆ ಪ್ರಶ್ನೆ ಕೇಳುವ ಕಮಾಂಡ್. ನೀವು 192.168.20.31 ಕೊಟ್ಟರೆ ಅದು ಅಂಕಿಗಳನ್ನು ತಿರುಗಿಸಿ 31.20.168.192.ಇನ್-ಅಡ್ರ್.ಅರ್ಪಾ ಅನ್ನುವ ಹೆಸರು ಮಾಡಿ, ಅದರ ಪಿಟಿಆರ್ ರೆಕಾರ್ಡ್ (ಐಪಿಗೆ ಹೆಸರು ಹೇಳುವ ಸಾಲು) ಕೇಳುತ್ತದೆ. ತಿರುಗಿಸುವುದಕ್ಕೆ ಕಾರಣ ಇದೆ. ಐಪಿಯಲ್ಲಿ ದೊಡ್ಡ ಭಾಗ ಎಡಗಡೆ, ಡಿಎನ್‌ಎಸ್ ಹೆಸರಿನಲ್ಲಿ ದೊಡ್ಡ ಭಾಗ ಬಲಗಡೆ. ತಿರುಗಿಸಿದರೆ ಮಾತ್ರ ಬೇರೆ ಡೊಮೈನ್‌ಗಳ ಹಾಗೆ ಇದನ್ನೂ ತುಂಡು ತುಂಡಾಗಿ ಬೇರೆಬೇರೆಯವರಿಗೆ ವಹಿಸಬಹುದು. 1987ರ ಆರ್‌ಎಫ್‌ಸಿ 1035ರಿಂದಲೂ ಇದು ಹೀಗೇ.

ಇದರಿಂದ ಬರುವ ಇನ್ನೊಂದು ವಿಷಯ ತುಂಬಾ ಜನರಿಗೆ ತಲೆಗೆ ಹೋಗುವುದೇ ಇಲ್ಲ. ಹೆಸರಿನಿಂದ ಐಪಿ ಒಂದು ಝೋನ್ (ಒಟ್ಟಿಗೆ ನೋಡಿಕೊಳ್ಳುವ ಹೆಸರುಗಳ ಗುಂಪು), ಐಪಿಯಿಂದ ಹೆಸರು ಪೂರ್ತಿ ಬೇರೆ ಝೋನ್. ಒಂದು ಕಡೆ ಎ ರೆಕಾರ್ಡ್ (ಹೆಸರಿಗೆ ಐಪಿ ಹೇಳುವ ಸಾಲು) ಬರೆದರೆ ಇನ್ನೊಂದು ಕಡೆ ಪಿಟಿಆರ್ ತಾನಾಗಿ ಹುಟ್ಟುವುದಿಲ್ಲ. ಕೆಲವು ಸಾಫ್ಟ್‌ವೇರ್ ನಮಗಾಗಿ ಎರಡನ್ನೂ ಮಾಡಿಕೊಡುತ್ತವೆ, ಅಷ್ಟೇ.

ನಾಸ್ ಮೇಲಿಂದ ಒಂದೊಂದೇ ಐಪಿಗೆ ಡಿಗ್ -ಎಕ್ಸ್ ಮಾಡುತ್ತಾ ಹೋದೆ. ಬರೀ "ಬಂತು, ಬರಲಿಲ್ಲ" ಅಂತ ನೋಡಿದರೆ ಸಾಲದು, ಹೇಗೆ ಬರಲಿಲ್ಲ ಅನ್ನುವುದನ್ನು ನೋಡಬೇಕು. ಎನ್‌ಎಕ್ಸ್‌ಡೊಮೈನ್ ಬಂದರೆ ಯಾರೋ ಖಚಿತವಾಗಿ "ಅಂಥ ಹೆಸರಿಲ್ಲ" ಅಂದಿದ್ದಾರೆ. ಸರ್ವ್‌ಫೇಲ್ ಬಂದರೆ ಮಧ್ಯದವರು ಹುಡುಕಲು ಹೋಗಿ ಸೋತಿದ್ದಾರೆ. ರೆಫ್ಯೂಸ್ಡ್ ಅಂದರೆ "ನಿನಗೆ ಹೇಳುವುದಿಲ್ಲ". ಇವು ಮೂರೂ ಉತ್ತರಗಳೇ, ಸಾಮಾನ್ಯವಾಗಿ ಬೇಗ ಬರುತ್ತವೆ, ಕೇಳಿದ ಪ್ರೋಗ್ರಾಮ್ ಮುಂದಿನ ಕೆಲಸಕ್ಕೆ ಹೋಗುತ್ತದೆ. ಲಾಗಿನ್ ತಡ ಮಾಡುವುದು ಇವ್ಯಾವುವೂ ಅಲ್ಲ, ಏನೂ ಉತ್ತರ ಬರದೆ ಇರುವುದು. ಸಣ್ಣ ನೆಟ್‌ವರ್ಕ್‌ನಲ್ಲಿ ಪ್ರತಿ ಐಪಿಗೂ ಹೆಸರು ಇರಲೇಬೇಕು ಅಂತೇನಿಲ್ಲ, ಆದರೆ ಪ್ರತಿ ಪ್ರಶ್ನೆಗೂ ಬೇಗ ಒಂದು ಉತ್ತರ ಇರಲೇಬೇಕು, ಅದು "ಇಲ್ಲ" ಅಂತಾದರೂ ಸರಿ. ಈ ರಿಪೇರಿಯಲ್ಲಿ ಮುಂದೆ ಮಾಡಿದ್ದೆಲ್ಲ ಈ ಲೆಕ್ಕದ ಮೇಲೇ.

ಫಲಿತಾಂಶದಲ್ಲಿ ಒಂದು ಮಾದರಿ ಎದ್ದು ಕಾಣುತ್ತಿತ್ತು. ಡಿಎಚ್‌ಸಿಪಿಯಿಂದ ಐಪಿ ತೆಗೆದುಕೊಂಡ ಮೆಷಿನ್‌ಗಳಿಗೆಲ್ಲ ಹೆಸರು ತಕ್ಷಣ ಬಂತು. ಕೈಯಾರೆ ಐಪಿ ಹಾಕಿದ ಮೆಷಿನ್‌ಗಳಿಗೆ, ಮತ್ತು ಯಾರೂ ಬಳಸದ ಖಾಲಿ ಐಪಿಗಳಿಗೆ, ಡಿಗ್ ಕಾದು ಕಾದು ಟೈಮ್‌ಔಟ್ ಅಂತ ಬಿಟ್ಟುಕೊಟ್ಟಿತು. ನಾನು ಲಾಗಿನ್ ಆಗುತ್ತಿದ್ದ ಲ್ಯಾಪ್‌ಟಾಪ್ .31, ಅದರ ಐಪಿ ಕೈಯಾರೆ ಹಾಕಿದ್ದು. ಅಂದರೆ ಡಿಎನ್‌ಎಸ್‌ಮಾಸ್ಕ್ ತನ್ನ ಲೀಸ್ ಪಟ್ಟಿಯಲ್ಲಿ (ತಾನು ಹಂಚಿದ ಐಪಿಗಳ ಪಟ್ಟಿ) ಇರುವುದಕ್ಕೆ ಸರಿಯಾಗಿ ಹೇಳುತ್ತಿದೆ, ಇಲ್ಲದ್ದನ್ನು ಮಾತ್ರ ಬೇರೆ ಯಾರನ್ನೋ ಕೇಳಲು ಹೋಗುತ್ತಿದೆ. ಆ ಬೇರೆ ಯಾರೋ ಬಾಯಿ ಬಿಡುತ್ತಿಲ್ಲ.

ಮಧ್ಯೆ ಒಂದು ಮಾತು. ಡಿಗ್ ಜೊತೆಗೆ ಗೆಟ್‌ಎಂಟ್ ಹೋಸ್ಟ್ಸ್ ಕೂಡ ಮಾಡಿ ನೋಡಿ. ಡಿಗ್ ನೇರವಾಗಿ ನೇಮ್‌ಸರ್ವರ್ ಹತ್ತಿರ ಹೋಗುತ್ತದೆ. ಆದರೆ ನಿಜವಾದ ಪ್ರೋಗ್ರಾಮ್‌ಗಳು ಎನ್‌ಎಸ್‌ಸ್ವಿಚ್.ಕಾನ್ಫ್‌ನಲ್ಲಿ ಬರೆದಿರುವ ಸಾಲಿನಂತೆ ಹೋಗುತ್ತವೆ, ಸಾಮಾನ್ಯವಾಗಿ ಮೊದಲು ಹೋಸ್ಟ್ಸ್ ಫೈಲ್, ಆಮೇಲೆ ಡಿಎನ್‌ಎಸ್. ಗೆಟ್‌ಎಂಟ್ ಅದೇ ದಾರಿ ಹಿಡಿಯುತ್ತದೆ. ಎರಡರ ಉತ್ತರ ಬೇರೆ ಬಂದರೆ ಆ ಮೆಷಿನ್‌ನ ಹೋಸ್ಟ್ಸ್ ಫೈಲ್‌ನಲ್ಲಿ ಯಾವುದೋ ಹಳೆಯ ಸಾಲು ಕೂತಿದೆ ಅಂತ ಮೊದಲು ನೋಡಿ.

ಒಂದೇ ಪ್ರಶ್ನೆ, ಎರಡು ಬಾಗಿಲು

ಬಾಕ್ಸ್ ಮೇಲೆ, ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದೆ, ಡಿಎನ್‌ಎಸ್ ಬಳಸುವ ಪೋರ್ಟ್ 53ಕ್ಕೆ. ಇಲ್ಲಿ -ಎನ್ ಖಂಡಿತ ಕೊಡಿ. ಕೊಡದಿದ್ದರೆ ಟಿಸಿಪಿಡಂಪ್ ತಾನು ಕಂಡ ಪ್ರತಿ ಐಪಿಗೂ ಹೆಸರು ಹುಡುಕಲು ಹೋಗುತ್ತದೆ, ಆ ಪ್ರಶ್ನೆಗಳೂ ಅದೇ ಪೋರ್ಟ್ 53ರಲ್ಲಿ ಕಾಣಿಸಿಕೊಳ್ಳುತ್ತವೆ, ಅವಕ್ಕೂ ಉತ್ತರ ಬರದೆ ಪರದೆಯೇ ನಿಂತು ನಿಂತು ಬರುತ್ತದೆ. ರಿವರ್ಸ್ ಡಿಎನ್‌ಎಸ್ ಕೆಟ್ಟಿರುವಾಗ ಅದನ್ನು ನೋಡುವ ಸಾಧನವೇ ಅದರ ಮೇಲೆ ನಿಂತಿದ್ದರೆ ಏನೂ ಅರ್ಥವಾಗುವುದಿಲ್ಲ.

ಕಂಡದ್ದು ಇಷ್ಟು. ನಾಸ್ .31ರ ಹೆಸರೇನು ಅಂತ ಬಾಕ್ಸನ್ನು ಕೇಳಿತು. ಬಾಕ್ಸ್‌ಗೆ ಗೊತ್ತಿಲ್ಲ, ಅದು ರೂಟರ್‌ಗೆ ಕಳಿಸಿತು. ಇಲ್ಲಿಯವರೆಗೆ ಸರಿ, ಬಾಕ್ಸ್‌ಗೆ ಮೇಲಿನ ಸರ್ವರ್ ರೂಟರೇ. ಆದರೆ ರೂಟರ್‌ನಿಂದ ಉತ್ತರ ಬರುವ ಬದಲು ಅದೇ ಪ್ರಶ್ನೆ ಬಾಕ್ಸ್‌ಗೆ ವಾಪಸ್ ಬಂತು! ರೂಟರ್ ಬಾಕ್ಸನ್ನು ಕೇಳುತ್ತಿದೆ, ಬಾಕ್ಸ್ ರೂಟರನ್ನು ಕೇಳುತ್ತಿದೆ. ಎದುರುಬದುರು ಮನೆಯವರು ಒಂದೇ ಬೀಗದ ಕೈ ಇನ್ನೊಬ್ಬರ ಹತ್ತಿರ ಇದೆ ಅಂದುಕೊಂಡು ಇಬ್ಬರೂ ಹೊರಗೆ ನಿಂತ ಹಾಗೆ. ಕೊನೆಗೆ ಉತ್ತರ ಯಾರಿಂದಲೂ ಬರಲಿಲ್ಲ, ನಾಸ್ ಐದು ಸೆಕೆಂಡ್ ಕಾಯಿತು, ಮತ್ತೆ ಕೇಳಿತು, ಮತ್ತೆ ಐದು ಸೆಕೆಂಡ್.

ರೂಟರ್‌ನ ಸೆಟ್ಟಿಂಗ್ ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು. 20.168.192.ಇನ್-ಅಡ್ರ್.ಅರ್ಪಾ ಬಗ್ಗೆ ಯಾರು ಕೇಳಿದರೂ 192.168.20.2ನ್ನು ವಿಚಾರಿಸು ಅಂತ ಒಂದು ರೂಲ್. ಅದು ಬೇಕಂತಲೇ ಹಾಕಿದ್ದು. ರೂಟರ್‌ನ ಕ್ಲೈಂಟ್ ಪಟ್ಟಿಯಲ್ಲಿ ಐಪಿ ಬದಲು ಹೆಸರು ಕಾಣಲಿ ಅಂತ. ಈ ರೂಲ್ ಒಂದನ್ನೇ ನೋಡಿದರೆ ಸರಿ. "ಗೊತ್ತಿಲ್ಲದ್ದನ್ನೆಲ್ಲ ರೂಟರ್‌ಗೆ ಕಳಿಸು" ಅನ್ನುವ ಬಾಕ್ಸ್‌ನ ಸೆಟ್ಟಿಂಗ್ ಕೂಡ ಅದರ ಮಟ್ಟಿಗೆ ಸರಿ. ಎರಡೂ ಒಟ್ಟು ಸೇರಿದಾಗ ರಿವರ್ಸ್ ಝೋನ್‌ಗೆ ಮಾತ್ರ ಒಂದು ಸುತ್ತು ಆಗುತ್ತದೆ. ಹೊರಗಿನ ಹೆಸರುಗಳಿಗೆ ಈ ರೂಲ್ ಅನ್ವಯಿಸುವುದೇ ಇಲ್ಲ, ಹಾಗಾಗಿ ಇಂಟರ್ನೆಟ್ ಎಲ್ಲ ಚೆನ್ನಾಗಿ ಓಡುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎನ್‌ಎಸ್-ಲೂಪ್-ಡಿಟೆಕ್ಟ್ ಅಂತ ಒಂದು ಆಯ್ಕೆ ಇದೆ, ಅದು ಇದನ್ನು ಹಿಡಿಯಬೇಕಲ್ಲ ಅಂತ ಅನ್ನಿಸಬಹುದು. ಇಲ್ಲ, ಹಿಡಿಯುವುದಿಲ್ಲ. ಅದು .ಟೆಸ್ಟ್ ಕೊನೆಯಿರುವ ಒಂದು ವಿಶೇಷ ಹೆಸರನ್ನು ಮೇಲಿನ ಸರ್ವರ್‌ಗೆ ಕಳಿಸಿ, ಅದು ತನಗೇ ತಿರುಗಿ ಬರುತ್ತದಾ ಅಂತ ನೋಡುತ್ತದೆ. ನಮ್ಮ ಸುತ್ತು ಇರುವುದು ಇನ್-ಅಡ್ರ್.ಅರ್ಪಾದ ಒಂದು ಮೂಲೆಯಲ್ಲಿ ಮಾತ್ರ. .ಟೆಸ್ಟ್ ಪ್ರಶ್ನೆ ರೂಟರ್‌ನ ಆ ರೂಲ್ ಮುಟ್ಟುವುದೇ ಇಲ್ಲವಲ್ಲ. ಇಂಥ ಭಾಗಶಃ ಸುತ್ತುಗಳನ್ನು ಪ್ಯಾಕೆಟ್ ನೋಡಿಯೇ ಹಿಡಿಯಬೇಕು.

ಸುತ್ತನ್ನು ಎರಡು ಕಡೆ ಕಡಿಯಬಹುದು. ರೂಟರ್‌ನ ರೂಲ್ ತೆಗೆಯಬಹುದು. ಇಲ್ಲವೇ, ಒಳಗಿನ ಐಪಿಗಳ ಬಗ್ಗೆ ಯಾವ ಪ್ರಶ್ನೆಯನ್ನೂ ಹೊರಗೆ ಕಳಿಸಬೇಡ ಅಂತ ಬಾಕ್ಸ್‌ಗೆ ಹೇಳಬಹುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಲೀಸ್ ಪಟ್ಟಿ ಇರುವುದು ಬಾಕ್ಸ್‌ನಲ್ಲಿ, ಹೆಸರುಗಳ ಪಟ್ಟಿ ಇರುವುದೂ ಅಲ್ಲೇ. ಅದಕ್ಕೆ ಗೊತ್ತಿಲ್ಲದ ಒಳಗಿನ ಐಪಿ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ, ಹಾಗಾಗಿ ಕೊನೆಯ ಮಾತು ಅದರದ್ದೇ ಆಗಿರಬೇಕು. ಡಿಎನ್‌ಎಸ್‌ಮಾಸ್ಕ್ ಕಾನ್ಫಿಗ್‌ಗೆ ಒಂದೇ ಪದ ಸೇರಿಸಿದೆ: ಬೋಗಸ್-ಪ್ರಿವ್. ಇದನ್ನು ಹಾಕಿದರೆ 10.x, 172.16ರಿಂದ 172.31, 192.168.x, ಇಂಥ ಖಾಸಗಿ ಐಪಿಗಳ ರಿವರ್ಸ್ ಪ್ರಶ್ನೆ ಬಂದಾಗ ಹೋಸ್ಟ್ಸ್ ಫೈಲ್‌ನಲ್ಲಿ ಇಲ್ಲ, ಲೀಸ್‌ನಲ್ಲೂ ಇಲ್ಲ ಅಂದರೆ ಅಲ್ಲೇ ಎನ್‌ಎಕ್ಸ್‌ಡೊಮೈನ್ ಕೊಡುತ್ತದೆ. ರೀಸ್ಟಾರ್ಟ್ ಮಾಡಿ ಡಿಗ್ -ಎಕ್ಸ್ ಕೊಟ್ಟರೆ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ. ಯೂಸ್‌ಡಿಎನ್‌ಎಸ್ "ಎಸ್" ಇದ್ದರೂ ಲಾಗಿನ್ ತಕ್ಷಣ.

ರೂಟರ್‌ನಲ್ಲಿ ಆ ರೂಲ್ ಇಲ್ಲದಿದ್ದರೆ ಏನಾಗುತ್ತಿತ್ತು? ಪ್ರಶ್ನೆ ಹೊರಗೆ ಹೋಗುತ್ತಿತ್ತು, ಬಹುಶಃ ಎಲ್ಲೋ ಒಂದು ಕಡೆ "ಇಲ್ಲ" ಸಿಗುತ್ತಿತ್ತು. ಖಾಸಗಿ ಐಪಿಗಳ ಬಗ್ಗೆ ಹೀಗೆ ಸೋರಿ ಬರುವ ಪ್ರಶ್ನೆಗಳನ್ನು ಹೀರಿಕೊಳ್ಳುವುದಕ್ಕೆ ಅಂತಲೇ ಎಎಸ್112 ಅನ್ನುವ ಸರ್ವರ್‌ಗಳ ಗುಂಪು ಜಗತ್ತಿನ ನಾನಾ ಕಡೆ ನಿಂತಿದೆ. ಅಷ್ಟು ಜಾಸ್ತಿ ಸೋರಿಕೆ ಇದೆ ಅಂತ ಆಯಿತಲ್ವಾ. 2011ರ ಆರ್‌ಎಫ್‌ಸಿ 6303, ಇಂಥ ಝೋನ್‌ಗಳಿಗೆ ಒಳಗಿನ ರಿಸಾಲ್ವರೇ ಉತ್ತರ ಕೊಡಬೇಕು ಅನ್ನುತ್ತದೆ. ನಿಮ್ಮ ಒಳಗಿನ ಐಪಿಗಳ ಪಟ್ಟಿ ಹೊರಗಿನವರ ಲಾಗ್‌ನಲ್ಲಿ ಯಾಕೆ ಕೂರಬೇಕು?

ಈಗ ಹೆಸರುಗಳು

ತಡ ಹೋಯಿತು, ಆದರೆ ಲಾಗ್‌ಗಳಲ್ಲಿ ಇನ್ನೂ ಬರೀ ಐಪಿ. ಕೈಯಾರೆ ಐಪಿ ಹಾಕಿದ ಮೆಷಿನ್‌ಗಳಿಗೆ ಪಿಟಿಆರ್ ಬೇಕು.

ಬಾಕ್ಸ್‌ನ ಕಾನ್ಫಿಗ್‌ನಲ್ಲಿ ಇವುಗಳಿಗೆ ಅಡ್ರೆಸ್=/ನಾಸ್.ಹೋಮ್.ಅರ್ಪಾ/192.168.20.10 ಅನ್ನುವ ಥರದ ಸಾಲುಗಳಿದ್ದವು. ಅದು ಮುಂದಿನ ದಿಕ್ಕಿಗೆ ಮಾತ್ರ ಉತ್ತರ ಕೊಡುತ್ತದೆ, ಪಿಟಿಆರ್ ಮಾಡುವುದಿಲ್ಲ. ಅದರ ಜಾಗದಲ್ಲಿ ಹೋಸ್ಟ್-ರೆಕಾರ್ಡ್=ನಾಸ್.ಹೋಮ್.ಅರ್ಪಾ,192.168.20.10 ಅಂತ ಬರೆದರೆ ಎರಡೂ ದಿಕ್ಕು ಒಂದೇ ಸಾಲಿನಲ್ಲಿ ಆಗುತ್ತದೆ. ಒಂದೇ ಐಪಿ ಒಂದಕ್ಕಿಂತ ಹೆಚ್ಚು ಹೋಸ್ಟ್-ರೆಕಾರ್ಡ್ ಸಾಲುಗಳಲ್ಲಿ ಬಂದರೆ ಮೊದಲು ಬಂದದ್ದೇ ಪಿಟಿಆರ್ ಆಗುತ್ತದೆ. ಹಾಗಾಗಿ ಸಾಲುಗಳ ಕ್ರಮ ಮುಖ್ಯ, ಲಾಗ್‌ನಲ್ಲಿ ಯಾವ ಹೆಸರು ಕಾಣಬೇಕೋ ಅದನ್ನು ಮೇಲೆ ಇಡಿ.

ಹೋಸ್ಟ್-ರೆಕಾರ್ಡ್ ಕೊಟ್ಟದ್ದು ನಾಸ್, ರೂಟರ್, ಬಾಕ್ಸ್, ಲಾಗ್ ಮೆಷಿನ್ ಇವುಗಳಿಗೆ ಮಾತ್ರ, ಅಂದರೆ ಡಿಎಚ್‌ಸಿಪಿ ಬಿದ್ದುಹೋದರೂ ಎದ್ದು ನಿಲ್ಲಬೇಕಾದವುಗಳಿಗೆ. ಪ್ರಿಂಟರ್, ಲ್ಯಾಪ್‌ಟಾಪ್ ಮುಂತಾದವುಗಳಲ್ಲಿ ಕೈಯಾರೆ ಹಾಕಿದ ಐಪಿ ತೆಗೆದು ಡಿಎಚ್‌ಸಿಪಿಗೆ ತಂದೆ, ಬಾಕ್ಸ್‌ನಲ್ಲಿ ಡಿಎಚ್‌ಸಿಪಿ-ಹೋಸ್ಟ್ ಸಾಲಿನಿಂದ ಮ್ಯಾಕ್ ಅಡ್ರೆಸ್‌ಗೆ ಹೆಸರು ಮತ್ತು ಐಪಿ ಕಟ್ಟಿದೆ. ಎಲ್ಲ ಒಂದೇ ಫೈಲಿನಲ್ಲಿ ಇರುತ್ತದೆ, ಒಂದು ಮೆಷಿನ್ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಒಂದು ಎಚ್ಚರಿಕೆ: ಈ ಸಾಲು ಬರೆದ ಮಾತ್ರಕ್ಕೆ ಪಿಟಿಆರ್ ಬರುವುದಿಲ್ಲ, ಆ ಮೆಷಿನ್ ಬಂದು ಲೀಸ್ ತೆಗೆದುಕೊಳ್ಳಬೇಕು. ಫೋನ್‌ಗಳು ಮ್ಯಾಕ್ ಅಡ್ರೆಸ್ ಬದಲಿಸುತ್ತಾ ಇರುತ್ತವೆ, ಕೆಲವು ತಮ್ಮ ಹೆಸರನ್ನೂ ಕಳಿಸುವುದಿಲ್ಲ. ಅವಕ್ಕೆ ಹೆಸರಿನ ಆಸೆ ಬಿಟ್ಟೆ, ಬೇಗ "ಇಲ್ಲ" ಬಂದರೆ ಸಾಕು.

ಡಿಎನ್‌ಎಸ್‌ಮಾಸ್ಕ್ ಬದಲು ಬೈಂಡ್ ಅನ್ನುವ ಡಿಎನ್‌ಎಸ್ ಸರ್ವರ್ ಇಟ್ಟುಕೊಂಡಿರುವವರಿಗೆ ಇದೇ ಜಾಗದಲ್ಲಿ ಬೇರೆ ತೊಂದರೆ ಕಾದಿರುತ್ತದೆ. ರಿವರ್ಸ್ ಝೋನ್ ಫೈಲಿನಲ್ಲಿ ಪಿಟಿಆರ್‌ನ ಹೆಸರಿನ ಕೊನೆಗೆ ಚುಕ್ಕೆ ಬಿಟ್ಟುಹೋದರೆ, ಉತ್ತರ ನಾಸ್.ಹೋಮ್.ಅರ್ಪಾ.20.168.192.ಇನ್-ಅಡ್ರ್.ಅರ್ಪಾ ಅಂತ ಬಾಲ ಸಮೇತ ಬರುತ್ತದೆ. ಕಂಡ ತಕ್ಷಣ ಗೊತ್ತಾಗುತ್ತದೆ, ಚುಕ್ಕೆ ಹಾಕಿ ಸೀರಿಯಲ್ ನಂಬರ್ ಏರಿಸಿ ರೀಲೋಡ್ ಮಾಡಿ.

ಲಾಗ್ ಮೆಷಿನ್‌ನ ಹಟ

ಎಲ್ಲ ಕಡೆ ಹೆಸರು ಬಂತು, ಲಾಗ್ ಮೆಷಿನ್ ಒಂದನ್ನು ಬಿಟ್ಟು. ಅಲ್ಲಿ ಡಿಗ್ -ಎಕ್ಸ್ 192.168.20.10 ಕೊಟ್ಟರೆ ಸೊನ್ನೆ ಮಿಲಿಸೆಕೆಂಡಿನಲ್ಲಿ ಎನ್‌ಎಕ್ಸ್‌ಡೊಮೈನ್. ಅದೇ ಮೆಷಿನ್‌ನಿಂದ ಬಾಕ್ಸನ್ನು ನೇರವಾಗಿ ಕೇಳಿದರೆ, ಅಂದರೆ ಡಿಗ್‌ಗೆ @192.168.20.2 ಸೇರಿಸಿದರೆ, ಹೆಸರು ಬರುತ್ತದೆ. ಹಾಗಾದರೆ "ಇಲ್ಲ" ಅಂದವರು ಯಾರು?

ಇದನ್ನು ಕಂಡುಹಿಡಿಯಲು ಒಳ್ಳೆಯ ದಾರಿ ಇದೆ, ಇದನ್ನು ಎಲ್ಲರೂ ರೂಢಿ ಮಾಡಿಕೊಳ್ಳಬೇಕು ಅಂತ ನನ್ನ ಆಸೆ. ಎನ್‌ಎಕ್ಸ್‌ಡೊಮೈನ್ ಬಂದಾಗ ಡಿಗ್ ಔಟ್‌ಪುಟ್‌ನ ಅಥಾರಿಟಿ ಭಾಗದಲ್ಲಿ ಸಾಮಾನ್ಯವಾಗಿ ಒಂದು ಎಸ್‌ಒಎ ಸಾಲು ಇರುತ್ತದೆ. "ಇಲ್ಲ" ಅಂದವರ ಸಹಿ ಅದು. ಅದರಲ್ಲಿ ಪ್ರಿಸನರ್.ಐಎಎನ್‌ಎ.ಆರ್ಗ್ ಅಂತ ಕಂಡರೆ ಪ್ರಶ್ನೆ ಹೊರಗೆ ಹೋಗಿ ಎಎಸ್112 ಮುಟ್ಟಿ ಬಂದಿದೆ. ಲೋಕಲ್‌ಹೋಸ್ಟ್ ಮತ್ತು ನೋಬಡಿ.ಇನ್ವ್ಯಾಲಿಡ್ ಅಂತ ಕಂಡರೆ ಅದು ಅನ್‌ಬೌಂಡ್ ತನ್ನೊಳಗೇ ಇಟ್ಟುಕೊಂಡ ಡೀಫಾಲ್ಟ್ ಉತ್ತರ. ಎಸ್‌ಒಎಯಲ್ಲಿ ಸರ್ವರ್ ಹೆಸರಿನ ಜಾಗದಲ್ಲಿ ಝೋನ್‌ನ ಹೆಸರೇ ಇದ್ದರೆ ಬೈಂಡ್‌ನ ಖಾಲಿ ಝೋನ್. ನನಗೆ ಕಂಡದ್ದು ನೋಬಡಿ.ಇನ್ವ್ಯಾಲಿಡ್.

ಅಂದರೆ ಅನ್‌ಬೌಂಡ್ ಆರ್‌ಎಫ್‌ಸಿ ಹೇಳಿದ್ದನ್ನೇ ಮಾಡುತ್ತಿದೆ. 168.192.ಇನ್-ಅಡ್ರ್.ಅರ್ಪಾ ಪೂರ್ತಿಗೆ ತಾನೇ "ಇಲ್ಲ" ಅನ್ನುತ್ತದೆ. ಅದರ ಫಾರ್ವರ್ಡ್-ಝೋನ್‌ನಲ್ಲಿ ರಿವರ್ಸ್ ಪ್ರಶ್ನೆಗಳನ್ನು ಬಾಕ್ಸ್‌ಗೆ ಕಳಿಸು ಅಂತ ಬರೆದಿತ್ತು, ಆದರೆ ಲೋಕಲ್-ಝೋನ್ ಮೊದಲು ನೋಡಲಾಗುತ್ತದೆ, ಫಾರ್ವರ್ಡ್ ಸರದಿ ಬರುವುದೇ ಇಲ್ಲ. ಡೀಫಾಲ್ಟ್ ಬಿಡಿಸಬೇಕು. ಇಲ್ಲಿ ಎರಡು ಪದಗಳ ವ್ಯತ್ಯಾಸ ಗೊತ್ತಿರಬೇಕು. ಡೀಫಾಲ್ಟ್ ಪಟ್ಟಿಯಲ್ಲಿರುವ ಅದೇ ಝೋನ್ ನಿಮಗೆ ಬೇಕಿದ್ದರೆ ನೋಡೀಫಾಲ್ಟ್ ಅನ್ನಬೇಕು. ಅದರೊಳಗಿನ ಒಂದು ತುಂಡು ಬೇಕಿದ್ದರೆ ಆ ತುಂಡಿನ ಹೆಸರು ಕೊಟ್ಟು ಟ್ರಾನ್ಸ್‌ಪರೆಂಟ್ ಅನ್ನಬೇಕು. ನಮ್ಮದು 20.168.192 ಅನ್ನುವ ತುಂಡು, ಹಾಗಾಗಿ ಅದಕ್ಕೆ ಟ್ರಾನ್ಸ್‌ಪರೆಂಟ್. ಉಳಿದ 192.168.x ಎಲ್ಲ ಮೊದಲಿನಂತೆ ಅಲ್ಲೇ "ಇಲ್ಲ" ಆಗುತ್ತದೆ, ಅದೇ ಒಳ್ಳೆಯದು. ಹೋಮ್.ಅರ್ಪಾ ಕೂಡ ಅನ್‌ಬೌಂಡ್‌ನ ಡೀಫಾಲ್ಟ್ ಪಟ್ಟಿಯಲ್ಲಿದೆ, ಅದು ಪೂರ್ತಿ ಬೇಕು, ಅದಕ್ಕೆ ನೋಡೀಫಾಲ್ಟ್.

ಇದರ ಜೊತೆಗೆ ಎರಡು ಝೋನ್‌ಗೂ ಡೊಮೈನ್-ಇನ್‌ಸೆಕ್ಯೂರ್ ಸೇರಿಸಿದೆ. ನಮ್ಮೊಳಗಿನ ಈ ರೆಕಾರ್ಡ್‌ಗಳಿಗೆ ಸಹಿ ಇಲ್ಲ, ಡಿಎನ್‌ಎಸ್‌ಸೆಕ್ ಪರೀಕ್ಷೆಗೆ (ಸಹಿ ನೋಡಿ ಉತ್ತರ ಅಸಲಿಯೇ ಅಂತ ತಿಳಿಯುವುದು) ಅಂತ ಅನ್‌ಬೌಂಡ್ ಹೊರಗೆ ಹೋಗುವುದು ಬೇಡ. ಇಂಟರ್ನೆಟ್ ಬಿದ್ದಿದ್ದಾಗಲೂ ಒಳಗಿನ ಹೆಸರುಗಳು ಬರಬೇಕು. ಮತ್ತೆ, ಪ್ರೈವೇಟ್-ಅಡ್ರೆಸ್ ಅನ್ನುವ ರೀಬೈಂಡಿಂಗ್ ರಕ್ಷಣೆ (ಹೊರಗಿನ ಹೆಸರು ಒಳಗಿನ ಐಪಿ ತೋರಿಸದಂತೆ ತಡೆಯುವುದು) ಆನ್ ಇದ್ದರೆ ಅದು 192.168.x ಇರುವ ಎ ರೆಕಾರ್ಡ್‌ಗಳನ್ನು ಉತ್ತರದಿಂದ ಕಿತ್ತು ಹಾಕುತ್ತದೆ. ಪಿಟಿಆರ್ ಬರುತ್ತದೆ, ಆ ಹೆಸರಿನಿಂದ ವಾಪಸ್ ಐಪಿ ಬರುವುದಿಲ್ಲ. ಪ್ರೈವೇಟ್-ಡೊಮೈನ್‌ನಲ್ಲಿ ಹೋಮ್.ಅರ್ಪಾ ಬರೆದರೆ ಸರಿಹೋಗುತ್ತದೆ. ಅನ್‌ಬೌಂಡ್ ಮತ್ತು ಡಿಎನ್‌ಎಸ್‌ಮಾಸ್ಕ್ ಒಂದೇ ಮೆಷಿನ್‌ನಲ್ಲಿ ಬೇರೆ ಬೇರೆ ಪೋರ್ಟ್‌ನಲ್ಲಿ ಇಟ್ಟುಕೊಂಡವರು ಡು-ನಾಟ್-ಕ್ವೆರಿ-ಲೋಕಲ್‌ಹೋಸ್ಟ್ ಅನ್ನು "ನೋ" ಮಾಡಬೇಕು, ಡೀಫಾಲ್ಟ್ "ಎಸ್" ಇರುವಾಗ ಅನ್‌ಬೌಂಡ್ 127.0.0.1ನ್ನು ಕೇಳುವುದಿಲ್ಲ.

ಕಾನ್ಫಿಗ್ ಬದಲಿಸಿದ ತಕ್ಷಣ ಎಲ್ಲ ಕಡೆ ಹೊಸ ಉತ್ತರ ಬರುತ್ತದೆ ಅಂದುಕೊಳ್ಳಬೇಡಿ. "ಇಲ್ಲ" ಅನ್ನುವುದೂ ಕ್ಯಾಶ್ ಆಗುತ್ತದೆ, ಎಷ್ಟು ಹೊತ್ತು ಅಂತ ಅದೇ ಎಸ್‌ಒಎಯಲ್ಲಿ ಇರುತ್ತದೆ. ಅನ್‌ಬೌಂಡ್‌ನ ಡೀಫಾಲ್ಟ್ ಉತ್ತರದಲ್ಲಿ ಅದು 10800 ಸೆಕೆಂಡ್, ಮೂರು ಗಂಟೆ. ಎಎಸ್112ರದ್ದು 604800, ಪೂರ್ತಿ ಒಂದು ವಾರ. ರಿಸಾಲ್ವರ್‌ಗಳು ತಮ್ಮದೇ ಮಿತಿ ಹಾಕಿ ಇದನ್ನು ಕಡಿಮೆ ಮಾಡುತ್ತವೆ, ಆದರೂ ರಿಪೇರಿ ಸರಿಯಾಗಿದ್ದೂ "ಸರಿಯಾಗಿಲ್ಲ" ಅಂತ ಇನ್ನೊಂದನ್ನು ಕೆಡಿಸುವುದಕ್ಕೆ ಅಷ್ಟು ಹೊತ್ತು ಸಾಕು. ಅನ್‌ಬೌಂಡ್‌ನಲ್ಲಿ ಆ ಝೋನ್ ಫ್ಲಶ್ ಮಾಡಿ, ಸಿಸ್ಟಮ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್ ಮಾಡಿ, ಲಾಗ್ ಓದುವ ಪ್ರೋಗ್ರಾಮ್ ರೀಸ್ಟಾರ್ಟ್ ಮಾಡಿ, ಆಮೇಲೆ ನೋಡಿ.

ಎರಡೂ ದಿಕ್ಕಿನ ಪರೀಕ್ಷೆ

ಒಂದೊಂದೇ ಐಪಿ ನೋಡುವ ಬದಲು ಪುಟ್ಟ ಶೆಲ್ ಲೂಪ್ ಬರೆದೆ. 1ರಿಂದ 254ರವರೆಗೆ ಪ್ರತಿ ಐಪಿಗೂ ಪಿಟಿಆರ್ ಕೇಳುವುದು, ಹೆಸರು ಬಂದರೆ ಆ ಹೆಸರಿನ ಎ ರೆಕಾರ್ಡ್ ಕೇಳುವುದು, ಅದೇ ಐಪಿ ಬರದಿದ್ದರೆ ಆ ಸಾಲು ತೋರಿಸುವುದು. ಡಿಗ್‌ಗೆ ಟೈಮ್ 1 ಸೆಕೆಂಡ್, ಟ್ರೈ 1 ಅಂತ ಕೊಡಿ, ಇಲ್ಲದಿದ್ದರೆ ಒಂದು ಸುತ್ತು ಉಳಿದಿದ್ದರೂ ಲೂಪ್ ಮುಗಿಯುವುದೇ ಇಲ್ಲ. ಈ ಎರಡು ದಿಕ್ಕಿನ ಹೊಂದಾಣಿಕೆಯನ್ನೇ ಎಸ್‌ಎಸ್‌ಎಚ್ ಮತ್ತು ಮೇಲ್ ಸರ್ವರ್‌ಗಳು ನೋಡುವುದು. ಪಿಟಿಆರ್ ಒಂದೇ ಇದ್ದರೆ ಅವು ನಂಬುವುದಿಲ್ಲ, ನಂಬಲೂಬಾರದು.

ಲೂಪ್ ಹಿಡಿದುಕೊಟ್ಟದ್ದು ಬಾಕ್ಸ್‌ನ ಸ್ವಂತ ಹೆಸರನ್ನು. 192.168.20.2ಕ್ಕೆ ಹೆಸರು ಸರಿ, ಆದರೆ ಆ ಹೆಸರಿಗೆ 127.0.1.1 ಕೂಡ ಬರುತ್ತಿತ್ತು. ಡೆಬಿಯನ್ ತನ್ನ ಹೋಸ್ಟ್ಸ್ ಫೈಲಿನಲ್ಲಿ ಮೆಷಿನ್‌ನ ಹೆಸರಿಗೆ 127.0.1.1 ಬರೆದಿಡುತ್ತದೆ. ಆ ಮೆಷಿನ್ ಒಳಗೆ ಅದು ಸರಿ. ಆದರೆ ಡಿಎನ್‌ಎಸ್‌ಮಾಸ್ಕ್ ಅದೇ ಫೈಲ್ ಓದಿ ಇಡೀ ನೆಟ್‌ವರ್ಕ್‌ಗೆ ಹೇಳುತ್ತದೆ, ಕೇಳಿದ ಮೆಷಿನ್ ತನ್ನನ್ನೇ ತಾನು ಹುಡುಕಿಕೊಂಡು ಹೋಗುತ್ತದೆ. ನೋ-ಹೋಸ್ಟ್ಸ್ ಹಾಕಿ ಆ ಫೈಲ್ ಓದುವುದನ್ನು ನಿಲ್ಲಿಸಿದೆ, ನೆಟ್‌ವರ್ಕ್‌ಗೆ ಬೇಕಾದ ಹೆಸರುಗಳಿಗೆ ಆಡ್ನ್-ಹೋಸ್ಟ್ಸ್ ಮೂಲಕ ಬೇರೆ ಫೈಲ್ ಕೊಟ್ಟೆ.

ಐಪಿವಿ6 ಬಾಕಿ ಇತ್ತು. ಅಲ್ಲಿ ರಿವರ್ಸ್ ಹೆಸರು ಹೆಕ್ಸ್ ಅಂಕಿಗಳನ್ನು ಒಂದೊಂದಾಗಿ ತಿರುಗಿಸಿ 32 ತುಂಡಾಗಿ ಐಪಿ6.ಅರ್ಪಾ ಅಡಿ ಬರುತ್ತದೆ. ಕೈಯಲ್ಲಿ ಬರೆಯಲು ಹೋಗಬೇಡಿ. ಡಿಗ್ -ಎಕ್ಸ್ ಮಾಡಿಕೊಡುತ್ತದೆ, ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್‌ನಲ್ಲಿ ರಿವರ್ಸ್_ಪಾಯಿಂಟರ್ ಇದೆ. ಎಫ್‌ಡಿಯಿಂದ ಶುರುವಾಗುವ ಒಳಗಿನ ಅಡ್ರೆಸ್‌ಗಳನ್ನೂ ಎಫ್‌ಇ80 ಅಡ್ರೆಸ್‌ಗಳನ್ನೂ ಬೋಗಸ್-ಪ್ರಿವ್ ನೋಡಿಕೊಳ್ಳುತ್ತದೆ. ಹೊರಗಿನಿಂದ ಸಿಕ್ಕ ಸಾರ್ವಜನಿಕ ಪ್ರಿಫಿಕ್ಸ್ (ಅಡ್ರೆಸ್‌ನ ಶುರುವಿನ ಭಾಗ) ಮಾತ್ರ ಖಾಸಗಿ ಪಟ್ಟಿಯಲ್ಲಿಲ್ಲ, ಅದರ ಪ್ರಶ್ನೆ ಮೇಲಕ್ಕೆ ಹೋಗುತ್ತದೆ, ಬೇಗ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಆ ಪ್ರಿಫಿಕ್ಸ್‌ನ ರಿವರ್ಸ್ ಹೆಸರನ್ನು ಲೋಕಲ್=/…ಐಪಿ6.ಅರ್ಪಾ/ ಅಂತ ಬಾಕ್ಸ್‌ನಲ್ಲಿ ಬರೆದೆ, ಈಗ ಅದಕ್ಕೂ ಒಳಗೇ ಉತ್ತರ. ಲ್ಯಾಪ್‌ಟಾಪ್‌ಗಳು ಪ್ರೈವೆಸಿಗೆ ಅಂತ ಅಡ್ರೆಸ್ ಬದಲಿಸುತ್ತಲೇ ಇರುತ್ತವೆ, ಅವಕ್ಕೆಲ್ಲ ಪಿಟಿಆರ್ ಬರೆಯುವುದು ಆಗದ ಕೆಲಸ. ನಾಸ್ ಮತ್ತು ಬಾಕ್ಸ್‌ನ ಸ್ಥಿರ ಅಡ್ರೆಸ್‌ಗಳನ್ನು ಹೋಸ್ಟ್-ರೆಕಾರ್ಡ್ ಸಾಲಿಗೇ ಸೇರಿಸಿದೆ. ಪ್ರಿಫಿಕ್ಸ್ ಹೊರಗಿನಿಂದ ಬದಲಾದರೆ ಈ ಲೋಕಲ್ ಸಾಲನ್ನು ತಿದ್ದಬೇಕಾಗುತ್ತದೆ, ಅದಕ್ಕೇ ಕಾನ್ಫಿಗ್‌ನಲ್ಲಿ ಅದರ ಮೇಲೆ ಒಂದು ಕಾಮೆಂಟ್ ಬರೆದಿಟ್ಟಿದ್ದೇನೆ. ಶೆಲ್ ಲೂಪ್ ಬಾಕ್ಸ್‌ನ ಕ್ರಾನ್‌ನಲ್ಲಿದೆ (ಹೊತ್ತು ಹೊತ್ತಿಗೆ ತಾನೇ ಓಡುತ್ತದೆ), ಹೊಂದದ ಹೆಸರು ಅಥವಾ ಟೈಮ್‌ಔಟ್ ಕಂಡರೆ ಮಾತ್ರ ಲಾಗ್ ಮೆಷಿನ್‌ಗೆ ಒಂದು ಸಾಲು ಕಳಿಸುತ್ತದೆ.